ಹಳೇ ಲ್ಯಾಪ್‌ಟಾಪಿಗೆ ಹಿಂಬಾಗಿಲಿಂದ ವಿಂಡೋಸ್ 11: ಒಂದೂ ಮುಕ್ಕಾಲು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದು ವಿಂಡೋಸ್ 11ರಲ್ಲಿ ಏನೇನು ಹೊಸದು ಅನ್ನುವ ಬರಹ ಅಲ್ಲ. ಸ್ಟಾರ್ಟ್ ಮೆನು ನಡುವೆ ಬಂತು, ಮೂಲೆಗಳು ದುಂಡಗಾದವು, ಅದೆಲ್ಲ ನೀವು ನೋಡಿರುತ್ತೀರಿ. ನನ್ನ ಗೋಳು ಒಂದೇ. ವೈಫೈ. ಮೂರು ತಿಂಗಳಿಗಿಂತ ಜಾಸ್ತಿ ದಿನಾ ಬೆಳಿಗ್ಗೆ ನನ್ನ ಜೀವ ತಿಂದ ವೈಫೈ.

ಯಂತ್ರದ ಕಥೆ ಸ್ವಲ್ಪ ಹೇಳಬೇಕು. ಇದು 2013ರಲ್ಲಿ ತಮ್ಮನ ಇಂಜಿನಿಯರಿಂಗ್ ಓದಿಗೆ ಅಪ್ಪ ಕೊಡಿಸಿದ್ದು. ಇಂಟೆಲ್ ಕಂಪನಿಯ ಮೂರನೇ ಜನರೇಶನ್ನಿನ ಐ5 ಪ್ರೊಸೆಸರ್. ಕಂಪನಿ ಹೆಸರು ಬೇಡ, ಆ ಕಾಲದ ಎಲ್ಲ ಲ್ಯಾಪ್‌ಟಾಪ್‌ಗಳೂ ಹೆಚ್ಚುಕಮ್ಮಿ ಹೀಗೇ ಇದ್ದವು. ತಮ್ಮ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗುವಾಗ ಹೊಸದು ತಗೊಂಡ, ಇದು ತೀರ್ಥಹಳ್ಳಿಯ ನನ್ನ ಮನೆಗೆ ಬಂತು. ನಾನು ಮನೆಯಲ್ಲೇ ಕೂತು ಕನ್ನಡ ಟೈಪಿಂಗ್ ಮಾಡಿಕೊಡುತ್ತೇನೆ. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಸೊಸೈಟಿಯ ವಾರ್ಷಿಕ ವರದಿ, ಆಗೊಮ್ಮೆ ಈಗೊಮ್ಮೆ ಯಾರದೋ ಕವನ ಸಂಕಲನ. ಈ ಕೆಲಸಕ್ಕೆ ನಲವತ್ತು ಸಾವಿರದ ಲ್ಯಾಪ್‌ಟಾಪ್ ತಗೊಂಡರೆ ಅಸಲು ಹುಟ್ಟೋದಕ್ಕೇ ಎರಡು ವರ್ಷ ಬೇಕು.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರ ನಂತರ ಅಪ್‌ಡೇಟ್ ನಿಲ್ಲುತ್ತೆ ಅಂತ ಮೊದಲೇ ಗೊತ್ತಿತ್ತು. ಹನ್ನೊಂದು ಹಾಕೋಣ ಅಂದರೆ ಇಂಟೆಲ್ ಆದರೆ ಎಂಟನೇ ಜನರೇಶನ್ ಆದರೂ ಇರಬೇಕು, ಟಿಪಿಎಂ 2.0 ಬೇಕು, ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಿಕೆಯ ತಂತ್ರಾಂಶ ಮಾತ್ರ ಓಡಲಿ ಅಂತ ನೋಡುವ ಏರ್ಪಾಡು) ಬೇಕು. ಟಿಪಿಎಂ ಅಂದರೆ ಪಾಸ್‌ವರ್ಡಿನ ಕೀಲಿಗಳನ್ನು ಬಚ್ಚಿಟ್ಟುಕೊಳ್ಳುವ ಒಂದು ಸಣ್ಣ ಭದ್ರತೆಯ ಏರ್ಪಾಡು, ನನ್ನ ಯಂತ್ರದಲ್ಲಿ ಅದು ಇಲ್ಲ. ಶಿವಮೊಗ್ಗದ ನೆಹರೂ ರಸ್ತೆ ಕಡೆಯ ಒಂದು ರಿಪೇರಿ ಅಂಗಡಿಯ ಹುಡುಗ ನೋಡಿದವನೇ, "ಅಕ್ಕಾ, ಇದಕ್ಕೆ ಹನ್ನೊಂದು ಹಾಕಿದ್ರೆ ಆಮೇಲೆ ನನ್ನ ಬೈಬೇಡಿ" ಅಂದ. ಅವನನ್ನು ಬೈಯುವ ಅವಕಾಶವೇ ಬೇಡ ಅಂತ ನಾನೇ ಹಾಕಿದೆ. ಆಗ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿನ ಬದಲಿಗೆ ಹಾಕುವ ವೇಗದ ಡಿಸ್ಕ್) 1,850 ರೂಪಾಯಿ, ಬಳಸಿದ 4 ಜಿಬಿ ರ‍್ಯಾಮ್ 900, ಪೆನ್‌ಡ್ರೈವ್ 350. ಎಸ್‌ಎಸ್‌ಡಿ ಹಾಕದೆ ಈ ಸಾಹಸಕ್ಕೆ ಇಳಿಯಲೇಬೇಡಿ, ಹಳೇ ಹಾರ್ಡ್‌ಡಿಸ್ಕಿನಲ್ಲಿ ಹನ್ನೊಂದು ಅಂದರೆ ಕೆಸರುಗದ್ದೆಯಲ್ಲಿ ಸ್ಕೂಟಿ ಓಡಿಸಿದ ಹಾಗೆ.

2024ರ ಮೇ ತಿಂಗಳು. ಮಳೆ ಹಿಡಿಯುವ ಮುಂಚೆ ಮುಗಿಸಬೇಕು ಅಂತ ಹಟ. ಯಾಕೆಂದರೆ ಈ ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿತ್ತು, ಭಯಕ್ಕೆ ತೆಗೆದಿಟ್ಟಿದ್ದೆ, ಹೊಸದಕ್ಕೆ 2,200 ಕೇಳಿದರು ಅಂತ ಸುಮ್ಮನಾದೆ. ಅಂದರೆ ಇದು ಹೆಸರಿಗೆ ಲ್ಯಾಪ್‌ಟಾಪ್, ಕರೆಂಟು ಹೋದರೆ ಠಪ್ ಅಂತ ಆರುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕು. ಮನೆಯಲ್ಲಿ ಇನ್ವರ್ಟರ್ ಲೈನಿನ ಪ್ಲಗ್ ಇರುವುದು ದೇವರ ಕೋಣೆ ಬಾಗಿಲ ಹತ್ತಿರ ಒಂದೇ. ಹಾಗಾಗಿ ಇನ್‌ಸ್ಟಾಲ್ ಆಗಿದ್ದು ದೇವರ ಎದುರಿಗೇ, ಮಣೆಯ ಮೇಲೆ. ಅತ್ತೆ ದೀಪ ಹಚ್ಚಲು ಬಂದವರು "ಇದಕ್ಕೂ ಒಂದು ಹೂ ಇಡ್ಲಾ?" ಅಂದರು. ತಮಾಷೆಗೆ ಅಂದರೋ ನಿಜಕ್ಕೋ ಗೊತ್ತಾಗಲಿಲ್ಲ.

ಮೊದಲ ಸಲ ಕಂಪನಿಯವರದ್ದೇ ಟೂಲಿನಿಂದ ಪೆನ್‌ಡ್ರೈವ್ ಮಾಡಿದ್ದೆ. ಎರಡು ನೆಕ್ಸ್ಟ್ ಒತ್ತುವಷ್ಟರಲ್ಲಿ, ಈ ಪಿಸಿಯಲ್ಲಿ ವಿಂಡೋಸ್ 11 ನಡೆಯಲ್ಲ ಅಂತ ಬಂತು. ಅಲ್ಲಿ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಆದೇಶ ಟೈಪ್ ಮಾಡುವ ಕಪ್ಪು ಕಿಟಕಿ ತೆರೆಯುತ್ತದೆ, ರಿಜೆಡಿಟ್ ಅಂತ ಹೊಡೆದು, ತೆರೆಯುವ ಸೆಟ್ಟಿಂಗ್ ಪಟ್ಟಿಯಲ್ಲಿ ಸಿಸ್ಟಮ್ ಒಳಗಿನ ಸೆಟಪ್ ಅನ್ನುವಲ್ಲಿ ಲ್ಯಾಬ್‌ಕಾನ್ಫಿಗ್ ಅಂತ ಒಂದು ಕೀ ಮಾಡಿ, ಅದರಲ್ಲಿ ಬೈಪಾಸ್‌ಟಿಪಿಎಂಚೆಕ್ ಅಂತ ಬರೆದು ವ್ಯಾಲ್ಯೂ 1 ಕೊಡಬೇಕು, ಸೆಕ್ಯೂರ್ ಬೂಟಿಗೂ ಹಾಗೇ ಇನ್ನೊಂದು. ನಾನು ಲ್ಯಾಬ್ ಮತ್ತು ಕಾನ್ಫಿಗ್ ನಡುವೆ ಒಂದು ಸ್ಪೇಸ್ ಬಿಟ್ಟಿದ್ದೆ. ದಿನವಿಡೀ ಬೇರೆಯವರ ಕಾಗುಣಿತ ತಿದ್ದುವವಳು ನಾನು! ಅರ್ಧ ಗಂಟೆ ಹೋಯಿತು. ಆಮೇಲೆ ಗೊತ್ತಾಯಿತು, ರೂಫಸ್ ಅನ್ನುವ ಉಚಿತ ತಂತ್ರಾಂಶದಲ್ಲಿ ಪೆನ್‌ಡ್ರೈವ್ ಮಾಡುವಾಗಲೇ ಒಂದು ಟಿಕ್ ಹಾಕಿದರೆ ಈ ಎಲ್ಲ ತಪಾಸಣೆ ತೆಗೆದುಹಾಕುತ್ತೆ ಅಂತ. ನೀವು ಅದನ್ನೇ ಮಾಡಿ. ಲೈಸೆನ್ಸ್ ಬಗ್ಗೆ ಜಾಸ್ತಿ ಜನ ಕೇಳುತ್ತಾರೆ, ಅದಕ್ಕೆ ಹೇಳುತ್ತೇನೆ: ಹತ್ತು ಅಸಲಿ ಆಗಿ ಆಕ್ಟಿವೇಟ್ ಆಗಿದ್ದರೆ, ಅದೇ ಯಂತ್ರದಲ್ಲಿ ಅದೇ ಎಡಿಷನ್ ಹಾಕಿದರೆ ಹನ್ನೊಂದೂ ತಾನಾಗಿ ಆಕ್ಟಿವೇಟ್ ಆಗುತ್ತದೆ. ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ. ನನ್ನದು ಆಯಿತು.

ನಾನು ಆಗ ಹಾಕಿದ್ದು 23ಎಚ್2, ಅಂದರೆ 2023ರ ಎರಡನೇ ಅರ್ಧದಲ್ಲಿ ಬಂದ ಆವೃತ್ತಿ. ಹಾಕಿದ ಮೇಲೆ ನೋಡಿದರೆ ವೈಫೈ ಇಲ್ಲ, ಬ್ರೈಟ್‌ನೆಸ್ ಕೀ ಇಲ್ಲ. ಗಾಬರಿ ಬೀಳಬೇಡಿ, ಫೋನನ್ನು ಯುಎಸ್‌ಬಿ ಕೇಬಲ್ಲಲ್ಲಿ ಸಿಕ್ಕಿಸಿ ಟೆದರಿಂಗ್ (ಫೋನಿನ ನೆಟ್ಟನ್ನು ಲ್ಯಾಪ್‌ಟಾಪಿಗೆ ಕೊಡುವುದು) ಆನ್ ಮಾಡಿ, ವಿಂಡೋಸ್ ಅಪ್‌ಡೇಟ್ ಒತ್ತಿ, ಕಾಫಿ ಕುಡಿದು ಬನ್ನಿ. ಡ್ರೈವರ್‌ಗಳು, ಅಂದರೆ ಒಳಗಿನ ಒಂದೊಂದು ಭಾಗವನ್ನೂ ವಿಂಡೋಸ್ ನಡೆಸಲು ಬೇಕಾದ ತಂತ್ರಾಂಶಗಳು, ತಾವಾಗಿ ಬಂದು ಕೂತವು. ಆ ಸಂಜೆ ನಾನು ನಾನಾಗಿರಲಿಲ್ಲ. ಮೊದಲು ಆನ್ ಮಾಡಿ ದೋಸೆಗೆ ಹಿಟ್ಟು ಹದ ಮಾಡಿ ಬರುವಷ್ಟು ಹೊತ್ತು ಬೇಕಿತ್ತು, ಈಗ ಕುರ್ಚಿ ಎಳೆದು ಕೂರುವಷ್ಟರಲ್ಲಿ ರೆಡಿ. ತಮ್ಮನಿಗೆ ಫೋನ್ ಮಾಡಿ ಜಂಬ ಕೊಚ್ಚಿದೆ.

ಆಮೇಲೆ ಮಳೆಗಾಲ. ಜೂನಿಂದ ಸೆಪ್ಟೆಂಬರ್ ತನಕ ಹೇಳಿಕೊಳ್ಳುವ ತೊಂದರೆ ಏನೂ ಇಲ್ಲ. ಯಾವತ್ತೋ ಒಂದು ದಿನ ಬೆಳಿಗ್ಗೆ ವೈಫೈ ಬರುತ್ತಿರಲಿಲ್ಲ, ರೌಟರಿನದ್ದೇ ಏನೋ ಅಂದುಕೊಂಡು ಸುಮ್ಮನಾಗುತ್ತಿದ್ದೆ. ನಮ್ಮಲ್ಲಿ ಮಳೆಗಾಲದಲ್ಲಿ ಯಂತ್ರ ಇಟ್ಟುಕೊಳ್ಳುವುದೇ ಒಂದು ವ್ರತ. ಚರ್ಮದ ಚಪ್ಪಲಿ, ಬೆಲ್ಟು, ಕಪಾಟಿನ ಪುಸ್ತಕ ಎಲ್ಲಕ್ಕೂ ಬೂಷ್ಟು. ಲ್ಯಾಪ್‌ಟಾಪ್ ಬ್ಯಾಗ್ ಒಂದು ವಾರ ಮುಟ್ಟದಿದ್ದರೆ ಹಸಿರು ಶಾಲು ಹೊದ್ದುಕೊಂಡಿರುತ್ತದೆ. ನಾನು ಬ್ಯಾಗ್ ಬಿಟ್ಟೇ ಬಿಟ್ಟಿದ್ದೇನೆ. ರಾತ್ರಿ ಕೆಲಸ ಮುಗಿದ ಮೇಲೆ ಯಂತ್ರದ ಬಿಸಿ ಆರುವ ತನಕ ಕಾಯುತ್ತೇನೆ, ಹಳೇ ಕಾಟನ್ ಸೀರೆಯ ತುಂಡಲ್ಲಿ ಸುತ್ತುತ್ತೇನೆ, ಅಡುಗೆಮನೆಗೆ ತಾಗಿದ ಗೋಡೆಯ ಮೇಲಿನ ಹಲಗೆಯಲ್ಲಿ ಇಡುತ್ತೇನೆ. ಒಲೆಯ ಕಾವಿಗೆ ಆ ಗೋಡೆ ಒಂದೇ ಮನೆಯಲ್ಲಿ ಒಣಗಿರುವುದು. ಔಷಧಿ ಡಬ್ಬಿಗಳಲ್ಲಿ ಬರುವ ಸಣ್ಣ ಸಿಲಿಕಾ ಪೊಟ್ಟಣಗಳನ್ನು ಒಟ್ಟು ಮಾಡಿ ಕೀಬೋರ್ಡ್ ಮೇಲೆ ಸಾಲಾಗಿ ಜೋಡಿಸಿ ಮುಚ್ಚುತ್ತೇನೆ. ಬೆಳಿಗ್ಗೆ ಸೀರೆ ಬಿಚ್ಚಿ, ಪೊಟ್ಟಣ ಎಣಿಸಿ ಡಬ್ಬಿಗೆ ಹಾಕಿ, ಅದೇ ಬಟ್ಟೆಯಲ್ಲಿ ಪರದೆ ಒರೆಸಿ, ಕಾಫಿ ಲೋಟ ಎಡಗಡೆ ಇಟ್ಟು, ಬಟನ್ ಒತ್ತುವುದು. ಹದಿಮೂರು ವರ್ಷದ ಕೀಬೋರ್ಡಿನ ಒಂದಕ್ಷರವೂ ಕೈಕೊಟ್ಟಿಲ್ಲ ಅಂದರೆ ಅದು ಈ ಸೀರೆಯ ಪುಣ್ಯ.

ಅಕ್ಟೋಬರಲ್ಲಿ ಮಳೆ ನಿಂತಿತು. ಬಿಸಿಲು ಬಂತು. ವೈಫೈ ಹೋಯಿತು.

ಹೇಗೆ ಹೋಯಿತು ಅಂದರೆ, ಬೆಳಿಗ್ಗೆ ಆನ್ ಮಾಡಿದರೆ ಕೆಳಗೆ ವೈಫೈ ಗುರುತೇ ಇಲ್ಲ, ಭೂಗೋಳದ ಒಂದು ಚಿತ್ರ. ಡಿವೈಸ್ ಮ್ಯಾನೇಜರ್ ತೆರೆದರೆ ವೈಫೈ ಕಾರ್ಡಿನ ಹೆಸರಿನ ಮೇಲೆ ಹಳದಿ ತ್ರಿಕೋನ. ಒಳಗೆ ಹೋದರೆ ಕೋಡ್ 10, ಈ ಡಿವೈಸ್ ಶುರು ಆಗಲಾರದು. ಡಿಸೇಬಲ್ ಮಾಡಿ ಎನೇಬಲ್ ಮಾಡಿದೆ, ಡ್ರೈವರ್ ತೆಗೆದು ಮತ್ತೆ ಹಾಕಿದೆ, ಲ್ಯಾಪ್‌ಟಾಪ್ ಕಂಪನಿಯ ತಾಣ ಹುಡುಕಿದರೆ ಈ ಮಾಡೆಲ್ಲಿಗೆ ಅಲ್ಲಿರುವುದು ವಿಂಡೋಸ್ 8ರ ಡ್ರೈವರ್, ಅದನ್ನೂ ಹಾಕಿ ನೋಡಿದೆ. ಏನೋ ಒಂದು ಮಾಡಿ ರೀಸ್ಟಾರ್ಟ್ ಮಾಡಿದ ಕೂಡಲೇ ವೈಫೈ ಬರುತ್ತಿತ್ತು. ಸರಿಹೋಯಿತು ಅಂತ ಖುಷಿ. ಮಾರನೇ ದಿನ ಬೆಳಿಗ್ಗೆ ಮತ್ತೆ ತ್ರಿಕೋನ.

ನನ್ನ ತೀರ್ಮಾನ ಸ್ಪಷ್ಟವಾಗಿತ್ತು. ನಾಲ್ಕು ತಿಂಗಳ ಶೀತ ಕುಡಿದು ಕಾರ್ಡಿಗೆ ಒಳಗೊಳಗೇ ಬೂಷ್ಟು ಹಿಡಿದಿದೆ. ಮಲೆನಾಡಲ್ಲಿ ಯಾವುದೇ ವಸ್ತು ಕೆಟ್ಟರೂ ಮಳೆ ಮೇಲೆ ಹಾಕಿದರೆ ಯಾರೂ ಎದುರು ಮಾತಾಡಲ್ಲ. ಯಂತ್ರ ಹೊತ್ತುಕೊಂಡು ಶಿವಮೊಗ್ಗಕ್ಕೆ ಹೋದೆ. ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ, ಅಲ್ಲಿ ಶಕ್ತಿ ಯೋಜನೆ ನಡೆಯಲ್ಲ, ಟಿಕೆಟ್ ತಗೊಂಡೇ ಹೋಗಬೇಕು. ಮಂಡಗದ್ದೆ ದಾಟಿ ಸಕ್ರೆಬೈಲಿನ ಹತ್ತಿರ ಹಿನ್ನೀರು ಕಾಣುವ ತನಕ ಮಡಿಲಲ್ಲೇ ಇಟ್ಟುಕೊಂಡು, ಇನ್ನು ಇದರ ಆಯಸ್ಸು ಮುಗಿಯಿತು ಅಂತ ಯೋಚಿಸುತ್ತಾ ಕೂತಿದ್ದೆ. ಅಂಗಡಿಯ ಹುಡುಗ ಆನ್ ಮಾಡಿದ, ತ್ರಿಕೋನ ನೋಡಿದ, ಮಾತಾಡುತ್ತಲೇ ರೀಸ್ಟಾರ್ಟ್ ಒತ್ತಿದ. ವೈಫೈ ಬಂತು! ಡಾಕ್ಟರ ಮುಂದೆ ಕೂತ ಕೂಡಲೇ ಜ್ವರ ಇಳಿದ ಹಾಗೆ. "ಸರಿಯಾಗೇ ಇದೆಯಲ್ಲ ಅಕ್ಕಾ" ಅಂದ. ಇಲ್ಲಪ್ಪಾ ಮನೇಲಿ ಬರಲ್ಲ ಅಂದೆ. "ಹಾಗಿದ್ರೆ ಕಾರ್ಡ್ ಹೋಗ್ತಾ ಬಂದಿದೆ, ಒಂದು ಡಾಂಗಲ್ ಹಾಕ್ಕೊಳಿ" ಅಂದ. 450 ರೂಪಾಯಿ ಕೊಟ್ಟು ಡಾಂಗಲ್ ತಂದೆ, ಅಂದರೆ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ವೈಫೈ ಕಡ್ಡಿ. ಅವನದ್ದೇನೂ ತಪ್ಪಿಲ್ಲ, ನಾನೂ ಅದನ್ನೇ ನಂಬಿದ್ದೆ.

ಡಾಂಗಲ್ಲೂ ಅಷ್ಟಕ್ಕಷ್ಟೇ. ನಮ್ಮದು ದಪ್ಪ ಜಂಬಿಟ್ಟಿಗೆ ಗೋಡೆ, ರೌಟರ್ ಜಗುಲಿಯಲ್ಲಿ, ನಾನು ಒಳಗೆ. ಬೆರಳುಗುರು ಗಾತ್ರದ ಆ ಕಡ್ಡಿಗೆ ಆ ಗೋಡೆ ದಾಟುವ ಯೋಗ್ಯತೆ ಇರಲಿಲ್ಲ. ಹಾಗಾಗಿ ಬೆಳಿಗ್ಗೆ ಎದ್ದು ಆನ್ ಮಾಡು, ತ್ರಿಕೋನ ನೋಡು, ರೀಸ್ಟಾರ್ಟ್ ಮಾಡು, ಇದೇ ನಡೆಯಿತು. ಒಂದೆರಡು ನಿಮಿಷದ ಕೆಲಸ, ನಿಜ. ಆದರೆ ದಿನಾ ಬೆಳಿಗ್ಗೆ ಮೊದಲ ಕೆಲಸವೇ ಸೋಲು ಅಂದರೆ ಹೇಗಿರುತ್ತೆ ಹೇಳಿ. ಆಗ ಈ ವಿಮರ್ಶೆ ಬರೆದಿದ್ದರೆ ಐದಕ್ಕೆ ಒಂದೂ ಕೊಡುತ್ತಿರಲಿಲ್ಲ. ಹತ್ತಕ್ಕೇ ವಾಪಸ್ ಹೋಗೋಣ ಅಂತ ಪೆನ್‌ಡ್ರೈವ್ ಕೂಡ ಮಾಡಿ ಇಟ್ಟಿದ್ದೆ.

ಜನವರಿಯಲ್ಲಿ ನಮ್ಮ ಬೀದಿಯಲ್ಲಿ ವಿದ್ಯುತ್ ತಂತಿ ಬದಲಾಯಿಸುವ ಕೆಲಸ ಶುರುವಾಯಿತು. ಸಂಜೆ ನಾನು ಟೈಪ್ ಮಾಡುತ್ತಿರುವಾಗಲೇ ಠಪ್ ಅಂತ ಹೋಗುವುದು, ಬರುವಾಗ ನಾವೆಲ್ಲ ಮಲಗಿರುವುದು. ಸೇವ್ ಮಾಡದ ಎರಡು ಪುಟ ಹೋಯಿತು ಅಂತ ನಾನು ಗೊಣಗುತ್ತಿದ್ದರೆ, ಅಡಿಕೆ ಆರಿಸುತ್ತಾ ಕೂತಿದ್ದ ಅತ್ತೆ ತಲೆ ಎತ್ತದೆ ಅಂದರು: "ಅಲ್ಲ ಮಾರಾಯ್ತಿ, ಕರೆಂಟು ಹೋದ ಮಾರನೇ ದಿನ ನಿನ್ನ ಮಿಷಿನ್ನು ಸರಿ ಇರ್ತದಲ್ಲ. ಬೆಳಿಗ್ಗೆ ನಿನ್ನ ಬೈಗುಳ ಕೇಳದೆ ಮೂರು ದಿನ ಆಯ್ತು."

ಕೂತಲ್ಲೇ ಕೂತೆ. ಹೌದಲ್ವಾ?

ನಮ್ಮ ಅತ್ತೆಗೆ ಗೋಡೆ ಕ್ಯಾಲೆಂಡರಿನಲ್ಲಿ ಎಲ್ಲ ಬರೆದಿಡುವ ಅಭ್ಯಾಸ. ಹಾಲಿನ ಲೆಕ್ಕ, ಕೆಲಸದವರು ಬಂದ ದಿನ, ಕರೆಂಟು ಹೋಗಿ ಮೋಟಾರ್ ಓಡದ ದಿನಕ್ಕೆ ಒಂದು ಇಂಟು ಗುರುತು. ಹಳೇ ಕ್ಯಾಲೆಂಡರ್ ಮೊಳೆಯಿಂದ ಇನ್ನೂ ಇಳಿದಿರಲಿಲ್ಲ. ತಿರುಗಿಸಿ ನೋಡಿದರೆ ಜೂನ್, ಜುಲೈ, ಆಗಸ್ಟ್ ಪುಟಗಳ ತುಂಬ ಇಂಟು. ಅಕ್ಟೋಬರ್‌ನಿಂದ ಪುಟ ಕ್ಲೀನ್. ನಾನು ಮಳೆಯಿಂದ ವೈಫೈ ಹಾಳಾಯಿತು ಅಂದುಕೊಂಡಿದ್ದೆ, ಮಳೆಯಿಂದಾಗಿಯೇ ಅದು ಅಷ್ಟು ದಿನ ಸರಿ ಇದ್ದದ್ದು!

ವಿಷಯ ಏನು ಅಂದರೆ, ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಇದೆ. ವಿಂಡೋಸ್ 8ರ ಕಾಲದಿಂದ ಇದೆ. ಅದು ಆನ್ ಇದ್ದರೆ ನೀವು ಶಟ್‌ಡೌನ್ ಒತ್ತಿದಾಗ ಯಂತ್ರ ಪೂರ್ತಿ ಆರುವುದಿಲ್ಲ. ನಿಮ್ಮ ಕಿಟಕಿಗಳನ್ನೆಲ್ಲ ಮುಚ್ಚುತ್ತದೆ, ಆದರೆ ಒಳಗಿನ ಕರ್ನಲ್ಲು (ವಿಂಡೋಸಿನ ತಿರುಳು), ಡ್ರೈವರ್‌ಗಳು ಯಾವ ಸ್ಥಿತಿಯಲ್ಲಿದ್ದವೋ ಹಾಗೇ ಡಿಸ್ಕಿಗೆ ಬರೆದಿಟ್ಟು, ಬೆಳಿಗ್ಗೆ ಅದನ್ನೇ ವಾಪಸ್ ಓದಿಕೊಳ್ಳುತ್ತದೆ. ಬೇಗ ಶುರು ಆಗಲಿ ಅಂತ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಎಲ್ಲವೂ ಮೊದಲಿಂದ. ನನ್ನ ಹಳೇ ವೈಫೈ ಕಾರ್ಡಿಗೆ ಈಗ ಸಿಕ್ಕಿರುವ ಡ್ರೈವರ್ ಅದಕ್ಕೆಂದೇ ಮಾಡಿದ್ದಲ್ಲ. ನಿನ್ನೆಯ ನೆನಪಲ್ಲಿ ಎದ್ದ ಡ್ರೈವರಿಗೂ ಈಗಷ್ಟೇ ಕಣ್ಣುಬಿಟ್ಟ ಕಾರ್ಡಿಗೂ ಹೊಂದಾಣಿಕೆ ಆಗುತ್ತಿರಲಿಲ್ಲ. ಕರೆಂಟು ಹೋಗಿ ಠಪ್ ಅಂತ ಆರಿದರೆ ಬರೆದಿಡಲು ಪುರುಸೊತ್ತೆಲ್ಲಿ? ಮಾರನೇ ದಿನ ಎಲ್ಲವೂ ಹೊಸದಾಗಿ ಶುರು, ವೈಫೈ ಹಾಜರ್. ಬ್ಯಾಟರಿಗೆ 2,200 ಕೊಟ್ಟಿದ್ದರೆ ಕೆಲಸಕ್ಕೆ ಅನುಕೂಲ ಆಗುತ್ತಿತ್ತು, ಈ ಸುಳಿವು ಮಾತ್ರ ಸಿಗುತ್ತಲೇ ಇರಲಿಲ್ಲ.

ಪರಿಹಾರ ಒಂದು ನಿಮಿಷದ್ದು. ಕಂಟ್ರೋಲ್ ಪ್ಯಾನೆಲ್ ತೆರೆದು ಪವರ್ ಆಪ್ಷನ್ಸ್‌ಗೆ ಹೋಗಿ, ಎಡಗಡೆ ಪವರ್ ಬಟನ್ ಒತ್ತಿದರೆ ಏನಾಗಬೇಕು ಅನ್ನುವುದನ್ನು ಆರಿಸಿ, ಮೇಲೆ ಸಣ್ಣ ಅಕ್ಷರದಲ್ಲಿ ಗುರಾಣಿ ಚಿತ್ರದ ಪಕ್ಕ ಇರುವ ಸಾಲನ್ನು ಒತ್ತಿ (ಅದನ್ನು ಒತ್ತದಿದ್ದರೆ ಕೆಳಗಿನದ್ದೆಲ್ಲ ಮಂಕಾಗಿಯೇ ಇರುತ್ತದೆ, ನಾನು ಹತ್ತು ನಿಮಿಷ ಅಲ್ಲೇ ಕಳೆದೆ), ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್ ಮುಂದಿನ ಟಿಕ್ ತೆಗೆದು ಸೇವ್ ಮಾಡಿ. ಒಂದು ಸಲ ಪರೀಕ್ಷೆ ಮಾಡಬೇಕು ಅಂದರೆ ಶಿಫ್ಟ್ ಕೀ ಹಿಡಿದುಕೊಂಡೇ ಶಟ್‌ಡೌನ್ ಒತ್ತಿ, ಆ ಸಲಕ್ಕೆ ಪೂರ್ತಿ ಆರುತ್ತದೆ. ಹಳೇ ಲ್ಯಾಪ್‌ಟಾಪಿನಲ್ಲಿ ವೈಫೈ ಅಲ್ಲದೆ ಟಚ್‌ಪ್ಯಾಡ್, ಬ್ಲೂಟೂತ್, ಸೌಂಡ್ ಯಾವುದೇ ಆಗಲಿ, ರೀಸ್ಟಾರ್ಟ್ ಮಾಡಿದರೆ ಸರಿ ಶಟ್‌ಡೌನ್ ಮಾಡಿದರೆ ಕೈಕೊಡುತ್ತೆ ಅಂತಾದರೆ ಮೊದಲು ಇದನ್ನು ನೋಡಿ. ಆಮೇಲೆ ಬಸ್ ಹತ್ತಿ. ಶುರು ಆಗುವುದು ಏಳೆಂಟು ಸೆಕೆಂಡ್ ತಡ ಆಗಿದೆ ಅಷ್ಟೇ, ಎಸ್‌ಎಸ್‌ಡಿ ಇರುವಾಗ ಅದು ಲೆಕ್ಕಕ್ಕಿಲ್ಲ.

ಅವತ್ತಿನಿಂದ ಈ ಯಂತ್ರದ ಮೇಲೆ ಸಿಟ್ಟು ಇಳಿದಿದೆ. ಸಿಟ್ಟು ಇಳಿದ ಮೇಲೆಯೇ ಒಳ್ಳೆಯದು ಕಣ್ಣಿಗೆ ಬಿದ್ದದ್ದು. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ನುಡಿ ತಂತ್ರಾಂಶವೂ ನಡೆಯುತ್ತಿದೆ, ಪ್ರೆಸ್ಸಿನವರಿಗೆ ಇನ್ನೂ ಅದೇ ಬೇಕು. ಅಕ್ಷರಗಳು ಈ ಹಳೇ ಪರದೆಯಲ್ಲೂ ಚೊಕ್ಕವಾಗಿ ಕಾಣುತ್ತವೆ, ಒತ್ತಕ್ಷರಗಳು ಒಂದರ ಮೇಲೊಂದು ಬೀಳುವುದಿಲ್ಲ.

ಒಂದು ತಮಾಷೆ ಹೇಳಲೇಬೇಕು. ನನ್ನ ಹಳೇ ಕಡತಗಳೆಲ್ಲ ತುಂಗಾ ಅನ್ನುವ ಫಾಂಟಿನಲ್ಲಿವೆ. ಹೊಸದಾಗಿ ಹಾಕಿದ ಮೇಲೆ ತೆರೆದರೆ ಬೇರೆ ಫಾಂಟು ಕೂತು ಸಾಲುಗಳೆಲ್ಲ ಅಡ್ಡಾದಿಡ್ಡಿ, ವರನ ಹೆಸರು ಒಂದು ಪುಟದಲ್ಲಿ, ವಧುವಿನ ಹೆಸರು ಇನ್ನೊಂದರಲ್ಲಿ. ಹುಡುಕಿದರೆ ಪಟ್ಟಿಯಲ್ಲಿ ತುಂಗಾ ಇಲ್ಲವೇ ಇಲ್ಲ. ಕಿಟಕಿಯಿಂದ ನೋಡಿದರೆ ಹೊಳೆ ಕಾಣುತ್ತದೆ, ಕಂಪ್ಯೂಟರಿನಲ್ಲಿ ಮಾತ್ರ ತುಂಗೆ ಬತ್ತಿಹೋಗಿದ್ದಳು. ಈಗ ಅದು ವಿಂಡೋಸ್ ಜೊತೆಗೇ ಬರುವುದಿಲ್ಲ, ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಅಂತ ಇರುತ್ತದೆ, ನೆಟ್ ಇರುವಾಗ ಅದನ್ನು ಹಾಕಿಕೊಂಡರೆ ವಾಪಸ್ ಬರುತ್ತಾಳೆ. ಕಾಗದಗಳು ಇದ್ದಲ್ಲಿಗೇ ಬಂದು ಕೂತವು.

ಇನ್ನು ಅಪ್‌ಡೇಟ್ ವಿಷಯ. ನನ್ನ ಯಂತ್ರಕ್ಕೆ ತಿಂಗಳ ಅಪ್‌ಡೇಟ್‌ಗಳು ತಪ್ಪದೆ ಬರುತ್ತಿವೆ. ಆದರೆ ವರ್ಷಕ್ಕೊಮ್ಮೆಯ ದೊಡ್ಡದು ಇಂಥ ಯಂತ್ರಕ್ಕೆ ತಾನಾಗಿ ಬರುವುದಿಲ್ಲ, ನಾವೇ ಹಾಕಬೇಕು. 23ಎಚ್2ರ ಹೋಮ್‌ಗೆ 2025ರ ನವೆಂಬರ್ 11ಕ್ಕೆ ಕೊನೆ ಇತ್ತು. ಅದಕ್ಕೆ ಆ ತಿಂಗಳು ಅದರ ಮುಂದಿನ ಆವೃತ್ತಿ 24ಎಚ್2ರ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಕಡತ) ಇಳಿಸಿಕೊಂಡು, ಸೆಟಪ್ ಅನ್ನು ಕಪ್ಪು ಕಿಟಕಿಯಿಂದ ಸ್ಲ್ಯಾಶ್ ಪ್ರಾಡಕ್ಟ್ ಸರ್ವರ್ ಅಂತ ಸೇರಿಸಿ ಓಡಿಸಿದೆ. ಆಗ ಅದು ತಪಾಸಣೆ ಮಾಡುವುದಿಲ್ಲ. ಆದರೆ ಪರದೆಯಲ್ಲಿ ವಿಂಡೋಸ್ ಸರ್ವರ್ ಹಾಕುತ್ತಿದ್ದೇನೆ ಅಂತ ಬರುತ್ತದೆ, ನನಗೆ ಕೈಕಾಲು ತಣ್ಣಗಾಗಿತ್ತು. ಹೆಸರು ಮಾತ್ರ ಹಾಗೆ, ಕೊನೆಗೆ ಬರುವುದು ನಿಮ್ಮ ಹನ್ನೊಂದೇ, ಕಡತಗಳೂ ಇದ್ದಲ್ಲೇ ಇರುತ್ತವೆ. ಮತ್ತೆ ದೇವರ ಕೋಣೆ ಬಾಗಿಲಲ್ಲೇ, ಮಣೆ ಮೇಲೆ, ಒಂದು ಗಂಟೆ ನಲವತ್ತು ನಿಮಿಷ.

ಮಾರನೇ ದಿನ ಬೆಳಿಗ್ಗೆ ಸೀರೆ ಬಿಚ್ಚಿ ಆನ್ ಮಾಡಿದರೆ, ಹಳದಿ ತ್ರಿಕೋನ! ಈ ಸಲ ನಗು ಬಂತು. ದೊಡ್ಡ ಅಪ್‌ಡೇಟ್ ಹಾಕುವಾಗ ಆ ಟಿಕ್ ಮತ್ತೆ ಬಂದು ಕೂತಿತ್ತು. ತೆಗೆದೆ, ಮುಗಿಯಿತು.

ಎಲ್ಲರೂ ಹಾಕಿ ಅಂತ ನಾನು ಹೇಳಲ್ಲ. ಸಾಗರದ ಭಾವ ನನ್ನ ಮಾತು ಕೇಳಿ ಅವರ ಕೋರ್ 2 ಡ್ಯುಯೋ ಪ್ರೊಸೆಸರಿನ ಇನ್ನೂ ಹಳೇ ಯಂತ್ರ ತೆಗೆದುಕೊಂಡು ಬಂದಿದ್ದರು. ಅದು ಆಗುವುದೇ ಇಲ್ಲ. 24ಎಚ್2ಗೆ ಪ್ರೊಸೆಸರಿನಲ್ಲಿ ಎಸ್‌ಎಸ್‌ಇ 4.2 ಮತ್ತು ಪಾಪ್‌ಕೌಂಟ್ ಅನ್ನುವ, ಪ್ರೊಸೆಸರಿಗೆ ಹುಟ್ಟಿನಿಂದಲೇ ಗೊತ್ತಿರಬೇಕಾದ ಆದೇಶಗಳು ಇರಲೇಬೇಕು, ಇಲ್ಲದಿದ್ದರೆ ಬೂಟೇ ಆಗಲ್ಲ, ಅದಕ್ಕೆ ಯಾವ ಟಿಕ್ಕೂ ಇಲ್ಲ. ಅವರಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟೆ, ಅವರು ನೋಡುವುದು ಯೂಟ್ಯೂಬಿನ ಯಕ್ಷಗಾನ ಮಾತ್ರ, ಆರಾಮಾಗಿದ್ದಾರೆ. ಹತ್ತರಲ್ಲೇ ಇರುವವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರ ತನಕ ಭದ್ರತೆಯ ಅಪ್‌ಡೇಟ್ ಸಿಗುತ್ತದೆ, ಅವಸರ ಇಲ್ಲದವರು ಅದನ್ನು ನೋಡಿ. ಬ್ಯಾಂಕಿನ ಕೆಲಸ ನಾನು ಇದರಲ್ಲಿ ಮಾಡುವುದಿಲ್ಲ, ಅದಕ್ಕೆ ಫೋನ್ ಇದೆ. ತಪಾಸಣೆ ತಪ್ಪಿಸಿ ಒಳಗೆ ಬಂದವರು ನಾವು, ಮುಂದೆಯೂ ಅಪ್‌ಡೇಟ್ ಬಂದೇ ಬರುತ್ತೆ ಅಂತ ಯಾರೂ ನಮಗೆ ಮಾತು ಕೊಟ್ಟಿಲ್ಲ.

24ಎಚ್2ಗೂ ಅದೇ 2026ರ ಅಕ್ಟೋಬರ್ 13 ಕೊನೆ. ಹಾಗಾಗಿ ಈ ಸಲವೂ ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ ಮುಂದಿನದ್ದು ಹಾಕುವ ಅಂದಾಜು. ಅತ್ತೆ ಹೊಸ ಕ್ಯಾಲೆಂಡರಿನ ಮೇ ಪುಟದಲ್ಲಿ "ಮಿಷಿನ್ ಪೂಜೆ" ಅಂತ ಈಗಲೇ ಬರೆದಿದ್ದಾರೆ.

ಆ 450 ರೂಪಾಯಿಯ ಡಾಂಗಲ್ ಡ್ರಾಯರಿನಲ್ಲಿದೆ. ಗೋಡೆ ಇಲ್ಲದ ಮನೆಯವರು ಯಾರಾದರೂ ಇದ್ದರೆ ಹೇಳಿ, ಡಬ್ಬಿ ಸಮೇತ ಕೊಡುತ್ತೇನೆ.